ಎರಡು ಮೈಕ್ರೋಆಂಪಿನ ಬದುಕು: ಕ್ಯಾಲ್ಕುಲೇಟರ್ ವಾಚ್ ಇಷ್ಟು ವರ್ಷ ಬಾಳುವುದು ಹೇಗೆ?

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಕ್ಯಾಸಿಯೋದ ಸಿಎ-53ಡಬ್ಲ್ಯು ಎಂಬ ಕ್ಯಾಲ್ಕುಲೇಟರ್ ವಾಚಿನೊಳಗೆ ಒಂದೇ ಒಂದು ಸೆಲ್ ಇರುತ್ತದೆ. 20 ಮಿಲಿಮೀಟರ್ ಅಗಲ, 1.6 ಮಿಲಿಮೀಟರ್ ದಪ್ಪ. ಅದರಲ್ಲಿ ತುಂಬಿರುವ ವಿದ್ಯುತ್ ಸುಮಾರು 90 ಮಿಲಿಆಂಪ್-ಅವರ್, ಅಂದರೆ ಒಂದು ಆಂಪಿಯರಿನ ಸಾವಿರ ಪಾಲಿನಲ್ಲಿ 90 ಪಾಲು ಕರೆಂಟನ್ನು ಒಂದು ಗಂಟೆ ಕೊಡುವಷ್ಟು. ಇಷ್ಟರಲ್ಲೇ ವಾಚು ಹೆಚ್ಚುಕಡಿಮೆ 5 ವರ್ಷ ನಡೆಯುತ್ತದೆ. 5 ವರ್ಷ ಅಂದರೆ 43,800 ಗಂಟೆ. ಭಾಗಿಸಿ ನೋಡಿದರೆ ವಾಚು ಸರಾಸರಿ ಎಳೆಯುವ ಕರೆಂಟು 2 ಮೈಕ್ರೋಆಂಪ್. ಒಂದು ಆಂಪಿಯರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಎರಡು ಪಾಲು.

ಇಷ್ಟೇ ಕರೆಂಟಿನಲ್ಲಿ ಅದು ಹಗಲೂ ರಾತ್ರಿ ಸಮಯ ತೋರಿಸಬೇಕು. ತಾರೀಖು, ವಾರ ನೋಡಿಕೊಳ್ಳಬೇಕು. ಅಲಾರಂ ಹೊಡೆಯಬೇಕು. ಸೆಕೆಂಡಿನ ನೂರನೇ ಒಂದು ಭಾಗದವರೆಗೆ ಸ್ಟಾಪ್‌ವಾಚ್ ಓಡಿಸಬೇಕು. ಇನ್ನೊಂದು ಊರಿನ ಸಮಯ ನೆನಪಿಡಬೇಕು. ಕೇಳಿದಾಗ 8 ಅಂಕೆಯ ಲೆಕ್ಕವನ್ನೂ ಮಾಡಬೇಕು. ಈ ವಾಚಿನ ಬಗ್ಗೆ ನನಗೆ ಇರುವ ಅಕ್ಕರೆಯೆಲ್ಲ ಇಲ್ಲಿಂದಲೇ ಹುಟ್ಟಿದ್ದು. ಇದರಲ್ಲಿ ಕೊರತೆ ಅಂತ ಕಾಣುವುದು ಬಹಳಷ್ಟಿದೆ. ಬಣ್ಣದ ಪರದೆ ಇಲ್ಲ, ಕೆಲವು ಮಾದರಿಗಳಲ್ಲಿ ದೀಪವೂ ಇಲ್ಲ, ಮೈಯೆಲ್ಲ ಪ್ಲಾಸ್ಟಿಕ್. ಆದರೆ ಒಂದೊಂದಾಗಿ ಬಿಚ್ಚಿ ನೋಡಿದರೆ, ಬಾಳಿಕೆ ಬಂದಿರುವುದು ಬಹುಪಾಲು ಆ ಕೊರತೆಗಳಿಂದಲೇ ಅಂತ ಗೊತ್ತಾಗುತ್ತದೆ.

ಕೆಂಪು ಅಂಕೆಗಳ ಕಾಲ

ಮಾರಾಟಕ್ಕೆ ಬಂದ ಮೊದಲ ಡಿಜಿಟಲ್ ಕೈಗಡಿಯಾರ ಪಲ್ಸರ್. ಅದು ಅಂಗಡಿಗೆ ಬಂದದ್ದು 1972ರಲ್ಲಿ. ಅದರ ಅಂಕೆಗಳು ಎಲ್ಇಡಿಯಿಂದ ಕೆಂಪಗೆ ಹೊಳೆಯುತ್ತಿದ್ದವು. ಆದರೆ ಸದಾ ಹೊಳೆಯುತ್ತಿರಲಿಲ್ಲ. ಬಟನ್ ಒತ್ತಿದಾಗ ಮಾತ್ರ ಸಮಯ ಕಾಣುತ್ತಿತ್ತು. ಕಾರಣ ಸರಳ. ಎಲ್ಇಡಿ ತಾನೇ ಬೆಳಕು ಕೊಡುತ್ತದೆ, ಅದಕ್ಕೆ ಮಿಲಿಆಂಪ್‌ಗಳ ಲೆಕ್ಕದಲ್ಲಿ ಕರೆಂಟು ಬೇಕು. ನಮ್ಮ 90 ಮಿಲಿಆಂಪ್-ಅವರ್ ಸೆಲ್ಲಿನಿಂದ 30 ಮಿಲಿಆಂಪ್ ಎಳೆಯುತ್ತಾ ಹೋದರೆ ಅದು 3 ಗಂಟೆಯಲ್ಲಿ ಖಾಲಿ.

1975ರ ಕೊನೆಯಲ್ಲಿ ಅದೇ ಪಲ್ಸರ್ ಕ್ಯಾಲ್ಕುಲೇಟರ್ ಇರುವ ವಾಚನ್ನೂ ತಂದಿತು. ಮೊದಲು ಬಂದದ್ದು ಚಿನ್ನದ ಮೈಯ ಮಾದರಿ. 1977ರಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಎಚ್‌ಪಿ-01 ಬಂತು. ಅದು ನಿಜಕ್ಕೂ ಬೆರಗಿನ ಯಂತ್ರ. 28 ಕೀಗಳು. ಸಮಯ ಮತ್ತು ತಾರೀಖುಗಳನ್ನು ನೇರವಾಗಿ ಲೆಕ್ಕದೊಳಗೆ ಹಾಕಬಹುದಿತ್ತು. ಎರಡು ತಾರೀಖುಗಳ ನಡುವೆ ಎಷ್ಟು ದಿನ ಅಂತ ಕೇಳಿದರೂ ಹೇಳುತ್ತಿತ್ತು. ಆದರೆ ಕೀಗಳು ಎಷ್ಟು ಸಣ್ಣವೆಂದರೆ ಒತ್ತಲು ಒಂದು ಪುಟ್ಟ ಕಡ್ಡಿ ಬೇಕಾಗುತ್ತಿತ್ತು. ಆ ಕಡ್ಡಿಯನ್ನು ಪಟ್ಟಿಯ ಕೊಂಡಿಯೊಳಗೇ ಸಿಕ್ಕಿಸಿಡುವ ವ್ಯವಸ್ಥೆ ಮಾಡಿದ್ದರು. ಎಲ್ಇಡಿಯ ಹಸಿವು ಅದರಲ್ಲೂ ಹಾಗೇ ಇತ್ತು.

ಕ್ಯಾಲ್ಕುಲೇಟರ್ ವಾಚು ದಿನಬಳಕೆಯ ವಸ್ತುವಾಗಲು ಎರಡು ತೊಡಕು ಕಳೆಯಬೇಕಿತ್ತು. ಒಂದು, ಹೊಳೆಯುವ ಅಂಕೆ ಹೋಗಬೇಕು. ಎರಡು, ಬೆರಳಿನಿಂದಲೇ ಕೀ ಒತ್ತುವಂತಾಗಬೇಕು. 1980ರಲ್ಲಿ ಕ್ಯಾಸಿಯೋ ತಂದ ಸಿ-80 ವಾಚಿನಲ್ಲಿ ಎರಡೂ ಸೇರಿದ್ದವು. ಎಲ್‌ಸಿಡಿ ಪರದೆ, ಬೆರಳಿಗೆ ಸಿಗುವ ಕೀಗಳು, ಹಗುರವಾದ ಪ್ಲಾಸ್ಟಿಕ್ ಮೈ. ಇವತ್ತು ಸಿಗುವ ಹೆಚ್ಚಿನ ಕ್ಯಾಲ್ಕುಲೇಟರ್ ವಾಚುಗಳು ಅದೇ ಜಾಡಿನಲ್ಲಿ ಬಂದವು. 1984ರಲ್ಲಿ ಇದೇ ಕಂಪನಿಯ ಡೇಟಾಬ್ಯಾಂಕ್ ಬಂದಮೇಲೆ ಫೋನ್ ನಂಬರುಗಳನ್ನೂ ಕೈಗಡಿಯಾರದಲ್ಲೇ ಇಟ್ಟುಕೊಳ್ಳುವಂತಾಯಿತು.

ಬೆಳಕನ್ನು ತಡೆಯುವ ಪರದೆ

ಎಲ್‌ಸಿಡಿ ಬೆಳಕು ಕೊಡುವುದಿಲ್ಲ. ಹೊರಗಿನಿಂದ ಬಂದ ಬೆಳಕನ್ನು ಬಿಡುತ್ತದೆ ಅಥವಾ ತಡೆಯುತ್ತದೆ, ಅಷ್ಟೇ. ಅದರ ಗುಟ್ಟು ಎರಡು ಪೋಲರಾಯ್ಡ್ ಹಾಳೆಗಳಲ್ಲಿದೆ. ಪೋಲರಾಯ್ಡ್ ಹಾಳೆಯನ್ನು ಕಿಟಕಿಯ ಸರಳುಗಳ ಹಾಗೆ ಅಂದುಕೊಳ್ಳಿ. ಸರಳುಗಳ ದಿಕ್ಕಿನಲ್ಲೇ ಅಲುಗುವ ಬೆಳಕು ಒಳಗೆ ಬರುತ್ತದೆ, ಅಡ್ಡಕ್ಕೆ ಅಲುಗುವುದು ನಿಲ್ಲುತ್ತದೆ. ವಾಚಿನಲ್ಲಿ ಒಂದು ಹಾಳೆ ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ಇರುತ್ತದೆ. ಸುಮ್ನೆ ಹಾಗೇ ಇಟ್ಟರೆ ಬೆಳಕು ದಾಟುವಂತೇ ಇಲ್ಲ. ಆದರೆ ನಡುವೆ ತೆಳುವಾದ ದ್ರವ ಹರಳಿನ ಪದರ ಇದೆ. ಅದರ ಅಣುಗಳು ಮೇಲಿನಿಂದ ಕೆಳಗೆ ತಿರುಚಿಕೊಂಡು ನಿಂತಿರುತ್ತವೆ. ಬೆಳಕೂ ಅವುಗಳ ಜೊತೆ 90 ಡಿಗ್ರಿ ತಿರುಗಿ ಎರಡನೇ ಹಾಳೆಯನ್ನು ದಾಟುತ್ತದೆ. ಹಿಂದಿನ ಬೆಳ್ಳಿ ಬಣ್ಣದ ಹಾಳೆಗೆ ಬಡಿದು ವಾಪಸ್ ಬರುತ್ತದೆ. ನಮಗೆ ಬೂದು ಹಿನ್ನೆಲೆ ಕಾಣುತ್ತದೆ.

ಒಂದು ಜಾಗಕ್ಕೆ ವೋಲ್ಟೇಜ್ ಕೊಟ್ಟರೆ ಅಲ್ಲಿನ ಅಣುಗಳು ನೆಟ್ಟಗೆ ನಿಲ್ಲುತ್ತವೆ. ತಿರುಚು ಹೋಯಿತು, ಬೆಳಕು ತಿರುಗುವುದಿಲ್ಲ, ಎರಡನೇ ಹಾಳೆ ಅದನ್ನು ತಡೆಯುತ್ತದೆ. ಆ ಜಾಗ ಕಪ್ಪಾಗಿ ಕಾಣುತ್ತದೆ. ಇಂಥ 7 ಗೆರೆಗಳನ್ನು ಬೇಕಾದಂತೆ ಕಪ್ಪು ಮಾಡಿದರೆ ಸೊನ್ನೆಯಿಂದ ಒಂಬತ್ತರವರೆಗೆ ಯಾವ ಅಂಕೆಯೂ ಮೂಡುತ್ತದೆ. ಇಲ್ಲಿ ಕೆಲಸ ಮಾಡುವುದು ವೋಲ್ಟೇಜಿನ ಒತ್ತು. ಕರೆಂಟು ಹರಿಯುವುದೇ ಇಲ್ಲ ಅನ್ನುವಷ್ಟು ಕಡಿಮೆ. 2 ಮೈಕ್ರೋಆಂಪಿನಲ್ಲಿ ಬದುಕಲು ಸಾಧ್ಯವಾದದ್ದು ಹೀಗೆ.

ಈ ವಿಧಾನ ಗೊತ್ತಾದರೆ ವಾಚಿನ ಹಲವು ವರ್ತನೆಗಳು ತಾವೇ ಅರ್ಥವಾಗುತ್ತವೆ. ಸುಡುಬಿಸಿಲಿನಲ್ಲಿ ಇದರ ಪರದೆ ಇನ್ನೂ ಚೆನ್ನಾಗಿ ಕಾಣುತ್ತದೆ, ಯಾಕೆಂದರೆ ಬಿಸಿಲೇ ಇದರ ದೀಪ. ಅದೇ ಕಾರಣಕ್ಕೆ ಕತ್ತಲಲ್ಲಿ ಏನೂ ಕಾಣುವುದಿಲ್ಲ. ಪೋಲರೈಸ್ಡ್ ತಂಪು ಕನ್ನಡಕ ಹಾಕಿಕೊಂಡು ನೋಡಿದರೆ ಕೆಲವು ಕೋನಗಳಲ್ಲಿ ಪರದೆ ಪೂರ್ತಿ ಕಪ್ಪಾಗುತ್ತದೆ. ವಾಚು ಕೆಟ್ಟಿಲ್ಲ, ಮೂರನೇ ಹಾಳೆಯೊಂದು ಅಡ್ಡ ಬಂದಿದೆ. ಕೈಯನ್ನು ಸ್ವಲ್ಪ ತಿರುಗಿಸಿದರೆ ಸಾಕು. ಕೊರೆಯುವ ಚಳಿಯಲ್ಲಿ ಅಂಕೆಗಳು ನಿಧಾನವಾಗಿ ಬದಲಾಗುತ್ತವೆ, ದ್ರವ ಗಟ್ಟಿಯಾಗುತ್ತಾ ಬಂದಿರುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಪರದೆಯೇ ಕಪ್ಪಗಾಗಬಹುದು. ತಣ್ಣಗಾದಮೇಲೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೂ ಅಲ್ಲಿ ಬಿಡುವುದು ಒಳ್ಳೆಯದಲ್ಲ.

ಇನ್ನೊಂದು ವಿಷಯ. ದ್ರವ ಹರಳಿಗೆ ಸದಾ ಒಂದೇ ದಿಕ್ಕಿನ ವೋಲ್ಟೇಜ್ ಕೊಟ್ಟರೆ ಅದು ಮೆಲ್ಲಗೆ ಕೆಡುತ್ತದೆ. ಹಾಗಾಗಿ ವಾಚನ್ನು ನಡೆಸುವ ಎಲೆಕ್ಟ್ರಾನಿಕ್ ಚಿಪ್ ವೋಲ್ಟೇಜಿನ ದಿಕ್ಕನ್ನು ಸೆಕೆಂಡಿಗೆ ಎಷ್ಟೋ ಸಲ ಅದಲು ಬದಲು ಮಾಡುತ್ತಾ ಇರುತ್ತದೆ. ನಮ್ಮ ಕಣ್ಣಿಗೆ ಅದು ತಿಳಿಯುವುದಿಲ್ಲ. ಪರದೆ ಹತ್ತಾರು ವರ್ಷ ಬಾಳುವುದರ ಹಿಂದೆ ಈ ಕೆಲಸವಿದೆ.

ಸೆಕೆಂಡು ಎಲ್ಲಿಂದ ಬರುತ್ತದೆ

ಎಲ್ಲ ಕ್ವಾರ್ಟ್ಜ್ ವಾಚುಗಳ ಹಾಗೆ ಇದರಲ್ಲೂ ಶ್ರುತಿಕವೆಯ ಆಕಾರದ ಒಂದು ಪುಟ್ಟ ಹರಳು ಇದೆ. ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆಯನ್ನೇ ಆರಿಸಲು ಕಾರಣವಿದೆ. ಎರಡನ್ನು ಎರಡರಿಂದ ಗುಣಿಸುತ್ತಾ ಹೋದರೆ 15ನೇ ಘಾತಕ್ಕೆ ಇದು ಸಿಗುತ್ತದೆ. ಅಂದರೆ 15 ಸಲ ಅರ್ಧ ಮಾಡಿದರೆ ಸರಿಯಾಗಿ 1. ಅರ್ಧ ಮಾಡುವ ಸರ್ಕ್ಯೂಟು ಎಲ್ಲಕ್ಕಿಂತ ಸರಳ, ಎಲ್ಲಕ್ಕಿಂತ ಕಡಿಮೆ ವಿದ್ಯುತ್ ಬೇಡುವಂಥದ್ದು.

ಸಿಎ-53ಡಬ್ಲ್ಯು ತಿಂಗಳಿಗೆ 30 ಸೆಕೆಂಡ್ ಹಿಂದೆ ಮುಂದೆ ಆಗಬಹುದು ಎಂದು ಅದರ ವಿವರಗಳಲ್ಲಿ ಇರುತ್ತದೆ. ದಿನಕ್ಕೆ ಒಂದು ಸೆಕೆಂಡ್ ಅಂದುಕೊಳ್ಳಿ. ಇಲ್ಲಿ ಒಂದು ಚೆಂದದ ಸಂಗತಿ ಇದೆ. ಈ ಹರಳುಗಳು ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ವೇಗವಾಗಿ ಕಂಪಿಸುತ್ತವೆ. ಅದಕ್ಕಿಂತ ಬಿಸಿಯಾದರೂ ನಿಧಾನ, ತಣ್ಣಗಾದರೂ ನಿಧಾನ. 5 ಡಿಗ್ರಿಯಲ್ಲಿ ಇಟ್ಟ ವಾಚು ದಿನಕ್ಕೆ ಸುಮಾರು 1.2 ಸೆಕೆಂಡ್ ಹೆಚ್ಚಾಗಿ ಹಿಂದೆ ಬೀಳುತ್ತದೆ. 45 ಡಿಗ್ರಿಯಲ್ಲೂ ಅಷ್ಟೇ. ಕೈಗೆ ಕಟ್ಟಿಕೊಂಡರೆ ಮೈಯ ಬಿಸಿ ಅದನ್ನು 30 ಡಿಗ್ರಿಯ ಆಸುಪಾಸಿನಲ್ಲಿ ಇಡುತ್ತದೆ. ಆಗ ಬಿಸಿಯಿಂದ ಬರುವ ವ್ಯತ್ಯಾಸ ದಿನಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗವೂ ಇಲ್ಲ. ಹಾಗಾಗಿ ಪೆಟ್ಟಿಗೆಯಲ್ಲಿ ಇಟ್ಟ ವಾಚಿಗಿಂತ ದಿನಾ ಕಟ್ಟುವ ವಾಚು ಒಂದೇ ಹದದಲ್ಲಿ ನಡೆಯುತ್ತದೆ. ಒಂದು ತಿಂಗಳು ಕಟ್ಟಿಕೊಂಡು ಎಷ್ಟು ವ್ಯತ್ಯಾಸ ಬಂತು ಅಂತ ಬರೆದಿಟ್ಟರೆ, ಮುಂದಿನ ತಿಂಗಳ ವ್ಯತ್ಯಾಸವನ್ನು ಮೊದಲೇ ಹೇಳಬಹುದು.

ತಾರೀಖಿನ ವಿಷಯದಲ್ಲಿ ಒಂದು ಎಚ್ಚರ. ಸಿಎ-53ಡಬ್ಲ್ಯು ತಿಂಗಳುಗಳ 30, 31ನ್ನು ತಾನೇ ನೋಡಿಕೊಳ್ಳುತ್ತದೆ. ಆದರೆ ಅದಕ್ಕೆ ವರ್ಷ ಗೊತ್ತಿಲ್ಲ. ಫೆಬ್ರವರಿಗೆ ಯಾವಾಗಲೂ 28 ದಿನ. ನಾಲ್ಕು ವರ್ಷಕ್ಕೊಮ್ಮೆ ಫೆಬ್ರವರಿ 29ರಂದು ನೀವೇ ತಿದ್ದಬೇಕು.

ಲೆಕ್ಕ ಮಾಡುವ ರೀತಿ

ಸಿಎ-53ಡಬ್ಲ್ಯುನಲ್ಲಿ ಮುಂಭಾಗದ ಕೀಗಳು 16. ಹತ್ತು ಅಂಕೆ, ಒಂದು ಬಿಂದು, ಕೂಡು, ಕಳೆ, ಗುಣಿಸು, ಭಾಗಿಸು, ಸಮ. ಶೇಕಡಾ ಕೀ ಇಲ್ಲ, ವರ್ಗಮೂಲ ಇಲ್ಲ, ಮೆಮೊರಿ ಇಲ್ಲ. ಇದನ್ನು ನೋಡಿ ಬಹಳ ಜನ ಇದು ಆಟಿಕೆ ಅಂತ ಪಕ್ಕಕ್ಕಿಡುತ್ತಾರೆ. ಅದು ತಪ್ಪು ತೀರ್ಮಾನ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಈ 16 ಕೀಗಳಲ್ಲಿ ಎಷ್ಟು ಮಾಡಬಹುದು ಅಂತ ಸ್ವಲ್ಪ ವಿವರವಾಗಿಯೇ ನೋಡೋಣ.

ಮೊದಲು ಅದರ ಸ್ವಭಾವ. ಈ ಕ್ಯಾಲ್ಕುಲೇಟರು ಒತ್ತಿದ ಕ್ರಮದಲ್ಲೇ ಲೆಕ್ಕ ಮಾಡುತ್ತದೆ. ಶಾಲೆಯಲ್ಲಿ ಕಲಿತ, ಗುಣಾಕಾರ ಮೊದಲು ಕೂಡುವುದು ಆಮೇಲೆ ಅನ್ನುವ ನಿಯಮ ಅದಕ್ಕಿಲ್ಲ. 2 + 3 × 4 ಒತ್ತಿದರೆ ಉತ್ತರ 14 ಅಲ್ಲ, 20. ಮೊದಲು 2 ಮತ್ತು 3 ಕೂಡಿ 5, ಆಮೇಲೆ 4ರಿಂದ ಗುಣಿಸಿ 20. ಇದು ದೋಷವಲ್ಲ, ಒಂದು ಪದ್ಧತಿ. ಒಮ್ಮೆ ಮನಸ್ಸಿನಲ್ಲಿ ಕೂತರೆ ಇದೇ ಅನುಕೂಲವಾಗುತ್ತದೆ.

ಗಂಟೆ ನಿಮಿಷಗಳ ಲೆಕ್ಕ ತಗೊಳ್ಳಿ. 2 ಗಂಟೆ 45 ನಿಮಿಷದ ಕೆಲಸವನ್ನು ಮೂರು ಸಲ ಮಾಡಬೇಕು. ಒಟ್ಟು ಎಷ್ಟು? 45 ÷ 60 + 2 × 3 = ಅಂತ ಒಂದೇ ಉಸಿರಿನಲ್ಲಿ ಒತ್ತಿ. 8.25 ಬರುತ್ತದೆ. ಎಂಟೂಕಾಲು ಗಂಟೆ. ಕ್ರಮವಾಗಿ ಲೆಕ್ಕ ಮಾಡುವ ಸ್ವಭಾವ ಇಲ್ಲಿ ಆವರಣ ಚಿಹ್ನೆಯ ಕೆಲಸ ಮಾಡಿತು.

ಮೆಮೊರಿ ಇಲ್ಲದೆ ಎರಡು ಗುಣಾಕಾರಗಳನ್ನು ಕೂಡುವುದು ಹೇಗೆ? 45ರ ಬೆಲೆಯ 3 ವಸ್ತು, 60ರ ಬೆಲೆಯ 2 ವಸ್ತು ಅಂದುಕೊಳ್ಳಿ. ಮೊದಲಿನದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬಹುದು. ಬೇಡವೆಂದರೆ ಹೀಗೆ ಒತ್ತಿ: 45 × 3 ÷ 60 + 2 × 60 =. ಉತ್ತರ 255. ಮೊದಲ ಮೊತ್ತವನ್ನು 60ರ ಲೆಕ್ಕಕ್ಕೆ ತಂದೆವು, ಅದಕ್ಕೆ 2 ಸೇರಿಸಿದೆವು, ಮತ್ತೆ 60ರಿಂದ ಗುಣಿಸಿ ವಾಪಸ್ ಬಂದೆವು. ಭಾಗಾಕಾರ ಮುಗಿಯದೆ ಉಳಿಯುವ ಸಂಖ್ಯೆಗಳಲ್ಲಿ ಕೊನೆಯ ಅಂಕೆ ಕೂದಲೆಳೆಯಷ್ಟು ಕಡಿಮೆ ಬರಬಹುದು. 254.99999 ಕಂಡರೆ 255 ಅಂತ ಓದಿಕೊಳ್ಳಿ.

ವರ್ಗಮೂಲವನ್ನೂ ತೆಗೆಯಬಹುದು. 50ರ ವರ್ಗಮೂಲ ಬೇಕು. 7 ಏಳಲಿ 49, ಹಾಗಾಗಿ ಉತ್ತರ 7ರ ಹತ್ತಿರ ಅಂತ ಗೊತ್ತು. 50 ÷ 7 + 7 ÷ 2 = ಒತ್ತಿ. 7.0714285 ಬರುತ್ತದೆ. ನಿಜವಾದ ಉತ್ತರ 7.0710678. ಒಂದೇ ಸುತ್ತಿನಲ್ಲಿ ಇಷ್ಟು ಹತ್ತಿರ. ಬಂದ ಉತ್ತರವನ್ನೇ ಊಹೆಯಾಗಿ ಇಟ್ಟುಕೊಂಡು ಇನ್ನೊಂದು ಸುತ್ತು ಹಾಕಿದರೆ ದಿನಬಳಕೆಗೆ ಬೇಕಾದ್ದಕ್ಕಿಂತ ಜಾಸ್ತಿಯೇ ನಿಖರ.

ಶೇಕಡಾ ಕೀ ಇಲ್ಲದಿರುವುದು ತೊಂದರೆಯೇ ಅಲ್ಲ. ಶೇಕಡಾ 15 ರಿಯಾಯಿತಿ ಅಂದರೆ 0.85ರಿಂದ ಗುಣಿಸಿ. ಶೇಕಡಾ 18 ತೆರಿಗೆ ಸೇರಿಸಬೇಕಾದರೆ 1.18ರಿಂದ ಗುಣಿಸಿ. ತೆರಿಗೆ ಸೇರಿದ ಮೊತ್ತದಿಂದ ಮೂಲ ಬೆಲೆ ಬೇಕಾದರೆ 1.18ರಿಂದ ಭಾಗಿಸಿ. ಕೊನೆಯದನ್ನು ಶೇಕಡಾ ಕೀ ಇದ್ದರೂ ಬಹಳ ಜನ ತಪ್ಪು ಮಾಡುತ್ತಾರೆ, ಮೊತ್ತದಲ್ಲಿ ಶೇಕಡಾ 18 ಕಳೆದುಬಿಡುತ್ತಾರೆ.

ಒಂದೇ ಸಂಖ್ಯೆಯಿಂದ ಮತ್ತೆ ಮತ್ತೆ ಗುಣಿಸಬೇಕಾದಾಗ ಕ್ಯಾಸಿಯೋ ಮಾದರಿಗಳಲ್ಲಿ ಒಂದು ಸೌಲಭ್ಯ ಇದೆ. ಗುಣಾಕಾರದ ಕೀಯನ್ನು ಎರಡು ಸಲ ಒತ್ತಿದರೆ ಆ ಸಂಖ್ಯೆ ಸ್ಥಿರವಾಗಿ ನಿಲ್ಲುತ್ತದೆ. 0.18 ಒತ್ತಿ, × ಎರಡು ಸಲ, ಆಮೇಲೆ 250 = ಅಂದರೆ 45. ಮುಂದೆ ಬರೀ 400 = ಅಂದರೆ 72. ಬೇರೆ ದೇಶಕ್ಕೆ ಹೋದಾಗ ವಿನಿಮಯ ದರವನ್ನು ಹೀಗೆ ಕೂರಿಸಿಟ್ಟರೆ ಒಂದೊಂದು ಬೆಲೆಯನ್ನೂ ತಕ್ಷಣ ನಮ್ಮ ಹಣಕ್ಕೆ ತಿರುಗಿಸಿ ನೋಡಬಹುದು. ಈ ವಾಚಿನ ಅತ್ಯಂತ ಉಪಯುಕ್ತ ಗುಣ ಇದೇ ಅಂತ ನನ್ನ ಅಭಿಪ್ರಾಯ, ಆದರೆ ಕೈಪಿಡಿ ಓದದವರಿಗೆ ಇದು ಸಿಗುವುದೇ ಇಲ್ಲ.

ಮಿತಿಯೂ ಇದೆ. ಪರದೆಯಲ್ಲಿ 8 ಅಂಕೆ ಮಾತ್ರ. ಒಂದು ಲಕ್ಷವನ್ನು ಒಂದು ಸಾವಿರದಿಂದ ಗುಣಿಸಿದರೆ ಹತ್ತು ಕೋಟಿ, ಅದು 9 ಅಂಕೆ. ವಾಚು ಇ ಅಕ್ಷರದ ಗುರುತು ತೋರಿಸಿ ನಿಲ್ಲುತ್ತದೆ. ದೊಡ್ಡ ಮೊತ್ತ ಇದ್ದಾಗ ಸಾವಿರದ ಅಥವಾ ಲಕ್ಷದ ಲೆಕ್ಕದಲ್ಲಿ ಒತ್ತಿ, ಸೊನ್ನೆಗಳನ್ನು ಆಮೇಲೆ ಸೇರಿಸಿಕೊಳ್ಳಿ. 1 ÷ 3 × 3 ಒತ್ತಿದರೆ 0.9999999 ಬರುತ್ತದೆ, ಮೂರರ ಸಾಲು ಎಲ್ಲೋ ಒಂದು ಕಡೆ ಮುಗಿಯಲೇಬೇಕಲ್ಲ.

ಆದರೆ 0.1 + 0.2 ಒತ್ತಿದರೆ ಸರಿಯಾಗಿ 0.3 ಬರುತ್ತದೆ. ದೊಡ್ಡ ಕಂಪ್ಯೂಟರುಗಳಲ್ಲಿ ಪ್ರೋಗ್ರಾಂ ಬರೆಯುವವರಿಗೆ ಇದರ ಮಹತ್ವ ಗೊತ್ತು. ಅಲ್ಲಿ ಸಂಖ್ಯೆಗಳನ್ನು ಪೂರ್ತಿ ಬೈನರಿಯಲ್ಲಿ, ಅಂದರೆ ಬರೀ 0 ಮತ್ತು 1ರಲ್ಲಿ, ಇಡುವುದರಿಂದ 0.1 ಅನ್ನುವುದು ಎಂದೂ ಮುಗಿಯದ ಸಾಲಾಗುತ್ತದೆ, ಕೂಡಿದಾಗ ಕೊನೆಯಲ್ಲಿ ಒಂದು ಚೂರು ಉಳಿಯುತ್ತದೆ. ಕ್ಯಾಲ್ಕುಲೇಟರುಗಳು ಸಾಮಾನ್ಯವಾಗಿ ಒಂದೊಂದು ಅಂಕೆಯನ್ನೂ ಬೇರೆಬೇರೆಯಾಗಿ ನಾಲ್ಕು ಬಿಟ್‌ಗಳಲ್ಲಿ ಇಡುತ್ತವೆ. ನಾವು ಕಾಗದದ ಮೇಲೆ ಮಾಡುವ ಹಾಗೇ ಅಂಕೆ ಅಂಕೆಯಾಗಿ ಕೂಡುತ್ತವೆ, ದಶಕ ಮುಂದಕ್ಕೆ ಒಯ್ಯುತ್ತವೆ. ನಿಧಾನದ ದಾರಿ, ಆದರೆ ಹಣದ ಲೆಕ್ಕಕ್ಕೆ ಸರಿಯಾದ ದಾರಿ.

ಕೀಗಳು ಸಣ್ಣವು, ಅದು ನಿಜ. ಬೆರಳಿನ ಮೆತ್ತನೆಯ ಭಾಗದಿಂದ ಒತ್ತಿದರೆ ಎರಡು ಕೀ ಒಟ್ಟಿಗೆ ಬೀಳುತ್ತವೆ. ಬೆರಳನ್ನು ನೆಟ್ಟಗೆ ಹಿಡಿದು ತುದಿಯಿಂದ, ಬೇಕಾದರೆ ಉಗುರಿನ ಅಂಚಿನಿಂದ ಒತ್ತಬೇಕು. ಒಂದೊಂದು ಅಂಕೆ ಒತ್ತಿದಾಗಲೂ ಪರದೆ ನೋಡಿಕೊಳ್ಳುವುದು ಒಳ್ಳೆಯ ಅಭ್ಯಾಸ. ಉತ್ತರ ಎಷ್ಟಿರಬಹುದು ಅಂತ ಮೊದಲೇ ಮನಸ್ಸಿನಲ್ಲಿ ಅಂದಾಜು ಮಾಡಿಕೊಂಡರೆ, ತಪ್ಪು ಕೀ ಬಿದ್ದದ್ದು ತಕ್ಷಣ ತಿಳಿಯುತ್ತದೆ.

ಉಳಿದ ಕೆಲಸಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸ್ಟಾಪ್‌ವಾಚ್ 24 ಗಂಟೆಯವರೆಗೆ ಓಡುತ್ತದೆ. ಎರಡನೇ ಸಮಯ, ದೂರದಲ್ಲಿರುವ ಮಕ್ಕಳಿಗೆ ಫೋನ್ ಮಾಡುವವರಿಗೆ ಬಹಳ ಉಪಯೋಗ. ಗಂಟೆಗೊಮ್ಮೆ ಬರುವ ಬೀಪ್ ಕೆಲವರಿಗೆ ಇಷ್ಟ, ಸಭೆಗಳಲ್ಲಿ ಕೂರುವವರು ಅದನ್ನು ಆಫ್ ಮಾಡಿಡಲಿ. ಅಲಾರಂ ಸದ್ದು ಸಣ್ಣದು. ಕೆಲಸದ ನಡುವೆ ನೆನಪಿಸಲು ಸಾಕು, ಗಾಢ ನಿದ್ದೆಯವರನ್ನು ಎಬ್ಬಿಸಲು ಸಾಲದು.

ಏನು ಬಾಳುತ್ತದೆ, ಏನು ಮೊದಲು ಹೋಗುತ್ತದೆ

ಪ್ಲಾಸ್ಟಿಕ್ ಅಂದರೆ ಕಳಪೆ ಅನ್ನುವ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಈ ವಾಚಿನ ತೂಕ ಸುಮಾರು 25 ಗ್ರಾಂ. ಭಾರದ ಸ್ಟೀಲ್ ವಾಚೊಂದು 150 ಗ್ರಾಂ ಇರಬಹುದು. ಎರಡೂ ಒಂದು ಮೀಟರ್ ಎತ್ತರದಿಂದ ನೆಲಕ್ಕೆ ಬಿದ್ದರೆ ಸ್ಟೀಲ್ ವಾಚು ಆರು ಪಟ್ಟು ಹೆಚ್ಚು ಶಕ್ತಿಯಿಂದ ಬಡಿಯುತ್ತದೆ. ಹಗುರ ವಾಚಿಗೆ ಬೀಳುವ ಪೆಟ್ಟೇ ಸಣ್ಣದು, ಅದರಲ್ಲೂ ಪ್ಲಾಸ್ಟಿಕ್ ಸ್ವಲ್ಪ ಬಾಗಿ ಪೆಟ್ಟನ್ನು ನುಂಗುತ್ತದೆ. ಒಳಗೆ ಹಲ್ಲಿನ ಚಕ್ರಗಳಿಲ್ಲ, ಮುಳ್ಳುಗಳಿಲ್ಲ. ಸವೆಯಲು ಏನೂ ಇಲ್ಲ. ಮುಂದಿನ ಗಾಜು ಕೂಡ ಪ್ಲಾಸ್ಟಿಕ್ಕೇ ಆಗಿದ್ದರೆ ಅದಕ್ಕೆ ಗೀರು ಬೀಳುತ್ತದೆ, ಆದರೆ ಒಡೆದು ಚೂರಾಗುವುದು ಅಪರೂಪ. ಸಣ್ಣ ಗೀರುಗಳನ್ನು ಪಾಲಿಶ್ ಹಾಕಿ ಉಜ್ಜಿ ತೆಗೆಯಬಹುದು.

ಸಾಮಾನ್ಯವಾಗಿ ಮೊದಲು ಹೋಗುವುದು ಪಟ್ಟಿ. ಬೆವರು, ಬಿಸಿಲು, ಗಾಳಿಯ ತೇವ ಸೇರಿ ಆ ಪ್ಲಾಸ್ಟಿಕ್ಕನ್ನು ಮೆಲ್ಲಗೆ ಗಡುಸು ಮಾಡುತ್ತವೆ. ರಂಧ್ರಗಳ ಹತ್ತಿರ, ಇಲ್ಲವೇ ವಾಚಿಗೆ ಸೇರುವ ಮೂಲೆಯಲ್ಲಿ ಬಿರುಕು ಬಿಡುತ್ತದೆ. ಸೊಳ್ಳೆ ಓಡಿಸಲು ಹಚ್ಚಿಕೊಳ್ಳುವ ಡೀಟ್ ಇರುವ ಮುಲಾಮು ಪ್ಲಾಸ್ಟಿಕ್ಕಿಗೆ ದೊಡ್ಡ ಶತ್ರು, ಅದು ಮೇಲ್ಮೈಯನ್ನೇ ಕರಗಿಸುತ್ತದೆ. ಹಚ್ಚಿಕೊಂಡ ಕೈಯಲ್ಲಿ ವಾಚು ಮುಟ್ಟಬೇಡಿ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಪಟ್ಟಿಯ ಆಯುಸ್ಸು ಹೆಚ್ಚುತ್ತದೆ. ಪಟ್ಟಿ ಹೋದರೆ ವಾಚೇ ಹೋಯಿತು ಅಂತ ಎಸೆಯುವವರಿದ್ದಾರೆ, ಅದು ನನಗೆ ನಿಜಕ್ಕೂ ಬೇಸರದ ವಿಷಯ. ಬೇರೆ ಪಟ್ಟಿ ಹಾಕಲು ಎರಡು ಸ್ಪ್ರಿಂಗ್ ಪಿನ್ನು ಕಳಚಿದರೆ ಸಾಕು.

ನೀರಿನ ವಿಷಯದಲ್ಲಿ ವಾಚಿನ ಹಿಂಬದಿ ಓದಿ. ಬರೀ ವಾಟರ್ ರೆಸಿಸ್ಟ್ ಅಂತ ಇದ್ದರೆ ಮುಖ ತೊಳೆಯುವಾಗ ಸಿಡಿಯುವ ನೀರು, ಮಳೆ ಹನಿ, ಬೆವರು ತಡೆಯುತ್ತದೆ ಅಂತ ಅರ್ಥ. 5 ಬಾರ್ ಅಥವಾ 50 ಮೀಟರ್ ಅಂತ ಇದ್ದರೂ 50 ಮೀಟರ್ ಆಳಕ್ಕೆ ಇಳಿಯಬಹುದು ಅಂತಲ್ಲ. ಅಷ್ಟು ಆಳದ ನೀರಿಗೆ ಸಮನಾದ ನಿಶ್ಚಲ ಒತ್ತಡದಲ್ಲಿ ಪರೀಕ್ಷೆ ಮಾಡಿದ್ದಾರೆ ಅಂತಷ್ಟೇ. ಕ್ಯಾಲ್ಕುಲೇಟರ್ ವಾಚಿನ ಮುಖದಲ್ಲಿ ಹದಿನಾರು ಕೀಗಳ ಜಾಗ ಇದೆ, ಪಕ್ಕದ ಬಟನ್‌ಗಳು ಬೇರೆ. ಒದ್ದೆಯಾಗಿರುವಾಗ ಇವನ್ನು ಒತ್ತದೇ ಇರುವುದು ಕ್ಷೇಮ. ಬಿಸಿನೀರಿನ ಸ್ನಾನಕ್ಕಂತೂ ಕಳಚಿಡಿ, ನೀರಿಗಿಂತ ಹಬೆ ಸಂದಿಗಳಲ್ಲಿ ಸಲೀಸಾಗಿ ನುಸುಳುತ್ತದೆ.

ಕೀ ಒತ್ತಿದರೂ ಕೆಲಸ ಮಾಡದಿದ್ದರೆ ಹೆಚ್ಚಿನ ಸಲ ಕಾರಣ ಸಂದಿಯಲ್ಲಿ ಕೂತ ಕೊಳೆ. ಒಣ ಮೆತ್ತನೆ ಬ್ರಷ್ಷಿನಿಂದ ಕೀಗಳ ನಡುವೆ ಆಗಾಗ ತಿಕ್ಕಿದರೆ ಈ ತೊಂದರೆ ಬರುವುದೇ ಕಡಿಮೆ.

ಸೆಲ್ ಬದಲಿಸುವ ದಿನ

ಐದು ವರ್ಷ ಗಟ್ಟಿಯಾಗಿ ನಡೆದ ವಾಚುಗಳು ಕೆಡುವುದು ಬಹಳ ಸಲ ಸೆಲ್ ಬದಲಿಸುವಾಗ. ಹಿಂಬದಿಯಲ್ಲಿ ನಾಲ್ಕು ಪುಟ್ಟ ಸ್ಕ್ರೂಗಳಿವೆ. ಸರಿಯಾದ ಅಳತೆಯ ಸ್ಕ್ರೂಡ್ರೈವರ್ ಬಳಸಿ, ಇಲ್ಲದಿದ್ದರೆ ತಲೆ ಸವೆದು ಮತ್ತೆ ಬಿಚ್ಚಲು ಬಾರದಂತಾಗುತ್ತದೆ. ಮುಚ್ಚಳದ ಒಳಬದಿಯಲ್ಲಿ ಒಂದು ಗುಂಡಗಿನ ತಟ್ಟೆ ಅಂಟಿರುತ್ತದೆ. ಅದೇ ಬೀಪ್ ಹೊಡೆಯುವ ಪೀಜೋ ತಟ್ಟೆ. ಒಳಗಿನಿಂದ ಒಂದು ಕೂದಲಿನಂಥ ಸ್ಪ್ರಿಂಗ್ ಅದಕ್ಕೆ ತಾಗಿ ನಿಂತಿರುತ್ತದೆ. ಮುಚ್ಚಳ ತೆಗೆದ ಗಳಿಗೆಯಲ್ಲಿ ಅದು ಹಾರಿಹೋದರೆ ವಾಚು ಸಮಯ ತೋರಿಸುತ್ತದೆ, ಆದರೆ ಮತ್ತೆ ಸದ್ದು ಮಾಡುವುದಿಲ್ಲ. ಬಿಳಿ ಬಟ್ಟೆ ಹಾಸಿಕೊಂಡು ಅದರ ಮೇಲೆ ಬಿಚ್ಚಿ.

ಹೊಸ ಸೆಲ್ ಹಾಕಿದಮೇಲೆ ಪರದೆ ಖಾಲಿ ಇದ್ದರೆ, ಅಥವಾ ಅರ್ಥವಿಲ್ಲದ ಗೆರೆಗಳು ಕಂಡರೆ ಗಾಬರಿ ಬೇಡ. ಕ್ಯಾಸಿಯೋ ಮಾದರಿಗಳಲ್ಲಿ ಎಸಿ ಎಂದು ಬರೆದ ಒಂದು ಪುಟ್ಟ ಲೋಹದ ಬಿಂದು ಇರುತ್ತದೆ. ಲೋಹದ ಚಿಮಟದ ಒಂದು ತುದಿಯನ್ನು ಅದಕ್ಕೆ, ಇನ್ನೊಂದನ್ನು ಸೆಲ್ಲಿನ ಮೇಲ್ಮೈಗೆ ಎರಡು ಸೆಕೆಂಡ್ ತಾಗಿಸಿ. ಚಿಪ್ ಹೊಸದಾಗಿ ಶುರುವಾಗುತ್ತದೆ. ಇದು ಗೊತ್ತಿಲ್ಲದೆ ಚೆನ್ನಾಗಿರುವ ವಾಚನ್ನು ಸತ್ತಿದೆ ಅಂತ ತೀರ್ಮಾನಿಸಿದವರು ಎಷ್ಟೋ. ಮುಚ್ಚುವ ಮೊದಲು ಅಂಚಿನ ರಬ್ಬರ್ ರಿಂಗ್ ತನ್ನ ಕಾಲುವೆಯಲ್ಲಿ ಸರಿಯಾಗಿ ಕೂತಿದೆಯೇ ನೋಡಿ. ಅದಕ್ಕೆ ಚೂರು ಸಿಲಿಕೋನ್ ಗ್ರೀಸ್ ಸವರಿದರೆ ನೀರು ತಡೆಯುವ ಗುಣ ಉಳಿಯುತ್ತದೆ. ಫೋನ್ ನಂಬರ್ ತುಂಬಿಟ್ಟಿರುವ ಮಾದರಿಯಾದರೆ ಮೊದಲೇ ಎಲ್ಲವನ್ನೂ ಕಾಗದದಲ್ಲಿ ಬರೆದುಕೊಳ್ಳಿ, ಸೆಲ್ ತೆಗೆದಾಗ ಅವು ಅಳಿಸಿಹೋಗಬಹುದು.

ತೆಗೆದ ಹಳೇ ಸೆಲ್ಲನ್ನು ಮೇಜಿನ ಮೇಲೆ ಬಿಡಲೇಬೇಡಿ. ಮಗು ಅದನ್ನು ನುಂಗಿದರೆ, ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ವಾಚು ನಡೆಸಲಾರದಷ್ಟು ಬಳಲಿದ ಸೆಲ್ಲಿಗೂ ಆ ಶಕ್ತಿ ಇರುತ್ತದೆ. ಟೇಪ್ ಸುತ್ತಿ ತೆಗೆದಿಡಿ. ನುಂಗಿದ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಹೋಗಿ.

ಯಾರಿಗೆ, ಯಾವುದು

ಫೋನಿನಲ್ಲಿ ಕ್ಯಾಲ್ಕುಲೇಟರ್ ಇದೆಯಲ್ಲ, ಇದು ಯಾಕೆ ಅನ್ನುವ ಪ್ರಶ್ನೆ ಸಹಜ. ಉದ್ದದ ಲೆಕ್ಕಕ್ಕೆ ಫೋನೇ ಮೇಲು, ಅನುಮಾನವಿಲ್ಲ. ಆದರೆ ಫೋನ್ ತೆಗೆದರೆ ಮೊದಲು ಕಣ್ಣಿಗೆ ಬೀಳುವುದು ಬಂದ ಸಂದೇಶಗಳು. ಎರಡು ಅಂಕೆ ಭಾಗಿಸಲು ಹೋದವರು ಹತ್ತು ನಿಮಿಷ ಬೇರೆಲ್ಲೋ ಕಳೆದು ಬರುತ್ತಾರೆ. ಕೈಯಲ್ಲಿ ಮಣ್ಣು, ಎಣ್ಣೆ, ಬಣ್ಣ ಹತ್ತಿರುವ ಕೆಲಸದವರಿಗೆ ಜೇಬಿನಿಂದ ಫೋನ್ ತೆಗೆಯುವುದೇ ಕಷ್ಟ. ಅಂಥವರಿಗೆ ಮಣಿಕಟ್ಟಿನ ಮೇಲೆ ಸಿಗುವ ಲೆಕ್ಕ ದೊಡ್ಡ ನೆರವು. ದಿನಾ ಚಾರ್ಜ್ ಮಾಡುವ ಗೊಡವೆಯೂ ಇಲ್ಲ.

ಹತ್ತಿರದ ಅಕ್ಷರ ಓದಲು ಕನ್ನಡಕ ಬೇಕಾದವರಿಗೆ ಇದರ ಕೀಗಳು ತ್ರಾಸು ಕೊಡುತ್ತವೆ. ರಾತ್ರಿ ಪಾಳಿಯವರು ದೀಪ ಇರುವ ಮಾದರಿಯನ್ನೇ ತೆಗೆದುಕೊಳ್ಳಲಿ, ಡೇಟಾಬ್ಯಾಂಕ್ ಸಾಲಿನಲ್ಲಿ ಅಂಥವು ಸಿಗುತ್ತವೆ. ವಿದ್ಯಾರ್ಥಿಗಳು ಪರೀಕ್ಷೆಯ ದಿನ ಮನೆಯಲ್ಲೇ ಬಿಟ್ಟು ಹೋಗಬೇಕು. ಬಹುತೇಕ ಪರೀಕ್ಷಾ ಕೊಠಡಿಗಳಲ್ಲಿ ಇದಕ್ಕೆ ಅನುಮತಿ ಇಲ್ಲ.

ಕೊಳ್ಳುವಾಗ, ಮುಖ್ಯವಾಗಿ ಹಳೆಯದನ್ನು ಕೊಳ್ಳುವಾಗ, ಅಲ್ಲೇ ನಿಂತು ಮೂರು ಪರೀಕ್ಷೆ ಮಾಡಿ. 8ನ್ನು ಎಂಟು ಸಲ ಒತ್ತಿ. ಪ್ರತಿ ಅಂಕೆಯ ಏಳೂ ಗೆರೆ ಒಂದೇ ಸಮ ಕಪ್ಪಾಗಿ ಕಂಡರೆ ಪರದೆಯ ಆ ಸಾಲು ಸರಿಯಿದೆ. ಆಮೇಲೆ 1ರಿಂದ 9, ಸೊನ್ನೆ, ಬಿಂದು, ನಾಲ್ಕೂ ಲೆಕ್ಕದ ಕೀಗಳನ್ನು ಒಂದೊಂದಾಗಿ ಒತ್ತಿ. ಮೆಲ್ಲಗೆ ತಾಗಿಸಿದರೆ ಸಾಕಾಗಬೇಕು, ಬಲ ಹಾಕಿ ಒತ್ತಬೇಕಾದ ಕೀ ಇದ್ದರೆ ಒಳಗಿನ ಸಂಪರ್ಕ ಸೋತಿದೆ. ಕೊನೆಗೆ ಅಲಾರಂ ಅನ್ನು ಮುಂದಿನ ನಿಮಿಷಕ್ಕೆ ಇಟ್ಟು ಕಾಯಿರಿ. ಸದ್ದು ಬಾರದಿದ್ದರೆ, ಹಿಂದೆ ಯಾರೋ ಸೆಲ್ ಬದಲಿಸುವಾಗ ಆ ಕೂದಲಿನಂಥ ಸ್ಪ್ರಿಂಗನ್ನು ಕಳೆದಿರಬಹುದು.